ಕಡೀದಕ್ಕ ಬಂತೇನು?

ಮಿಸ್ತ್ರಿ ಚಾಚಾ ಅವರ ಎರಡೂ ಕೈ ಮೊಣಕೈತನಕ ಕಪ್ಪಗಿರುತ್ತಿದ್ದವು. ಉಗುರಿನ ಸಂದಿ, ಅಂಗೈಯ ಗೆರೆ, ಮಣಿಕಟ್ಟಿನ ಮಡಿಕೆ, ಎಲ್ಲ ಕಡೆ ಕರಿ ಎಣ್ಣೆ. ಬಲಗೈಯ ಉಂಗುರಬೆರಳು ಮಾತ್ರ ಸ್ವಚ್ಛ. ಅದನ್ನು ಸೀಮೆಎಣ್ಣೆಯಲ್ಲಿ ಅದ್ದಿ, ಹಳೆಯ ಬನಿಯನ್ನಿನ ಚೂರಿನಿಂದ ಒರೆಸಿ, ಮೇಲೆ ಸಾಬೂನು ಹಚ್ಚಿ ದಿನಕ್ಕೆ ಹತ್ತು ಸಲ ತೊಳೆಯುತ್ತಿದ್ದರು. ಅಷ್ಟು ಹೊಲಸು ಕೈಯಲ್ಲಿ ಒಂದೇ ಒಂದು ತೊಳೆದ ಬೆರಳು ಎದ್ದು ಕಾಣುವುದನ್ನು ಮೊದಲ ಸಲ ನೋಡಿದಾಗ ನಾನು ನಕ್ಕಿದ್ದೆ. ನಮ್ಮಪ್ಪ ನಗಲಿಲ್ಲ. "ಅದು ಹಣಿಗೆ ಅಂಗಾರ ಹಚ್ಚಿಕೊಳ್ಳೋ ಬೆರಳು. ಮಿಸ್ತ್ರಿ ಅದನ್ನ ಮಡಿಲೆ ಇಟ್ಟಾನ" ಅಂದರು. ಅಪ್ಪನ ಬಾಯಿಂದ ಇದಕ್ಕಿಂತ ದೊಡ್ಡ ಹೊಗಳಿಕೆ ಯಾರಿಗೂ ಸಿಕ್ಕಿದ್ದನ್ನು ನಾನು ಕೇಳಿಲ್ಲ.

ಆ ಬೆರಳು ಎಣ್ಣೆ ಮುಟ್ಟಿ ನೋಡುವುದಕ್ಕೆ ಮೀಸಲು. ಎಣ್ಣೆ ತೆಳುವೋ ದಪ್ಪವೋ, ಅದರಲ್ಲಿ ಲೋಹದ ಪುಡಿ ಬಂದಿದೆಯೋ ಇಲ್ಲವೋ, ಎಲ್ಲ ಅದಕ್ಕೆ ತಿಳಿಯುತ್ತಿತ್ತು. "ಉಳದ ಬೆರಳು ದುಡಿಯೋವು, ಇದು ನೋಡೋದು" ಅನ್ನುತ್ತಿದ್ದರು ಚಾಚಾ.

ಅವರು ಹುಟ್ಟಿದ್ದು ದೇವದುರ್ಗದಲ್ಲಿ. ಮಾನ್ವಿಗೆ ಬಂದು, ಸಿಂಧನೂರು ರಸ್ತೆಯ ಪಕ್ಕ ಬೇವಿನ ಮರದ ಕೆಳಗೆ ತಗಡಿನ ಶೆಡ್ ಹಾಕಿಕೊಂಡು, ನಾನು ಕಾಣುವ ಹೊತ್ತಿಗೆ ಮೂವತ್ತು ವರ್ಷ ದಾಟಿತ್ತು. ಕೈಕೆಳಗೆ ಯಾರನ್ನೂ ಇಟ್ಟುಕೊಂಡಿರಲಿಲ್ಲ. ಕೇಳಿದರೆ, "ನನ್ನ ಸಿಟ್ಟು ನನಗೇ ಸಾಕು, ಇನ್ನೊಬ್ರಿಗೆ ಯಾಕ್ರಿ?" ಅನ್ನುವರು. ನಿಜ ಹೇಳಬೇಕೆಂದರೆ ಅವರಿಗೆ ಸಿಟ್ಟೇ ಬರುತ್ತಿರಲಿಲ್ಲ. ಇನ್ನೊಬ್ಬರು ಮಾಡಿದ ಕೆಲಸದ ಮೇಲೆ ನಂಬಿಕೆ ಬರುತ್ತಿರಲಿಲ್ಲ, ಅಷ್ಟೇ.

ನಾನು ಅವರ ಶೆಡ್ಡಿಗೆ ಹೋದದ್ದು ನನ್ನ ಬದುಕಿನ ಕೆಟ್ಟ ಕಾಲದಲ್ಲಿ. ಮದುವೆ ಮುರಿದು ತವರಿಗೆ ಬಂದಿದ್ದೆ. ಅರಕೇರಾದ ಸರಕಾರಿ ಶಾಲೆಯಲ್ಲಿ ಕನ್ನಡ ಶಿಕ್ಷಕಿಯ ಕೆಲಸ ಸಿಕ್ಕಿತ್ತು. ಮಾನ್ವಿಯಿಂದ ಬಸ್ಸು ಹಿಡಿದರೆ ಶಾಲೆಯ ಮೊದಲ ಗಂಟೆಗೆ ಮುಟ್ಟುತ್ತಿರಲಿಲ್ಲ. ಅಪ್ಪ ನಿವೃತ್ತ ಮಾಸ್ತರರು, ಮಠದ ಪೂಜೆಗೂ ಹೋಗುತ್ತಿದ್ದರು. ಅವರ ಬಳಿ ಒಂದು ಭಾರಿ ಹಳೆಯ ಪೆಟ್ರೋಲ್ ಕಾರಿತ್ತು, ಅದು ಓಡುವುದಕ್ಕಿಂತ ಹೊಗೆ ಬಿಡುವುದೇ ಹೆಚ್ಚು. "ಇಂಜಿನ್ ಹೊಸದಾಗಿ ಕಟ್ಟಸ್ತೀನಿ, ನೀ ಓಡಸ್ಕೊಂಡು ಹೋಗು" ಅಂದರು. ಮಾನ್ವಿಯ ಅರ್ಧ ಊರು ನನ್ನನ್ನು ಕಂಡೊಡನೆ ಗಂಡನ ಮನೆಯ ಸುದ್ದಿ ಕೇಳುತ್ತಿತ್ತು. ಚಾಚಾ ಕೇಳಿದ್ದು ಒಂದೇ ಪ್ರಶ್ನೆ: "ಗೇರು ಹಾಕಾಕ ಬರ್ತದೇನವ್ವಾ?" ಬರುತ್ತದೆ ಅಂದೆ. "ಹಂಗಾರ ಚಿಂತಿ ಇಲ್ಲ" ಅಂದು ಬಾನೆಟ್ ಎತ್ತಿದರು. ಆ ಮಾತಿಗೆ ನನಗೆ ಕಣ್ಣು ತುಂಬಿ ಬಂದದ್ದು ಅವರಿಗೆ ಗೊತ್ತಾಗಿರಲಿಕ್ಕಿಲ್ಲ.

ಹದಿನೈದು ದಿನ ಇಂಜಿನ್ ಬಿಚ್ಚಿ ಕಟ್ಟಿದರು. ಕಾರಿನಲ್ಲಿ ಕೂಡಿಸಿ, "ನಾಳೆ ಮುಂಜಾನೆ ಬರ್ರಿ" ಅಂತ ಹೇಳಿ ಕಳಿಸಿದರು. ಮರುದಿನ ಏಕಾದಶಿ. ನಮ್ಮ ಮನೆಯಲ್ಲಿ ಏಕಾದಶಿ ಅಂದರೆ ಒಂದು ಹನಿ ನೀರೂ ಇಲ್ಲ. ನೀರಿನ ಕೊಡದ ಮುಂದೆ ಹೋಗಿ ನಿಂತು, ಹಾಗೇ ತಿರುಗಿ ಬರುವುದನ್ನು ನಾನು ಏಳನೆಯ ವಯಸ್ಸಿಗೇ ಕಲಿತವಳು. ಚಾಚಾ ಅವರಿಗೆ ಅದು ರಂಜಾನ್ ತಿಂಗಳ ರೋಜಾ, ಹಗಲೆಲ್ಲ ಉಪವಾಸ. ಹೊರಗೆ ರಾಯಚೂರು ಜಿಲ್ಲೆಯ ಬಿಸಿಲು, ಬೇವಿನ ನೆರಳೂ ಸುಡುತ್ತಿತ್ತು.

ರಾಹುಕಾಲ ಬರುವುದರೊಳಗೆ ಗಾಡಿ ಚಾಲೂ ಆಗಲಿ ಅಂತ ಅಪ್ಪನ ಅವಸರ. ಚಾಚಾ ಕೀಲಿ ಕೊಡಲೇ ಇಲ್ಲ. ಪ್ಲಗ್ ನಾಲ್ಕೂ ಬಿಚ್ಚಿ ಒರೆಸಿ ಸಾಲಾಗಿ ಇಟ್ಟಿದ್ದರು. ಇಂಜಿನ್ನಿನ ತಲೆಯ ಮೇಲಿನ ಮುಚ್ಚಳ ತೆಗೆದಿದ್ದರು. ಕಾರಿನ ಮೂತಿಗೆ ಉದ್ದನೆಯ ಹ್ಯಾಂಡಲ್ ಸಿಕ್ಕಿಸಿ, ಬಾವಿಯಿಂದ ನೀರು ಸೇದುವವರ ಹಾಗೆ ನಿಧಾನಕ್ಕೆ ತಿರುಗಿಸುತ್ತಿದ್ದರು.

"ಏನ್ ಮಿಸ್ತ್ರಿ ಇದು?" ಅಂದರು ಅಪ್ಪ.

"ಹೊಸಾ ಇಂಜಿನ್ನು ಒಳಗ ಒಣಾ ಇರ್ತದ ಆಚಾರ್ರಿ. ಹಂಗೇ ಚಾಲೂ ಮಾಡಿದ್ರ ಕಬ್ಬಿಣಕ್ಕ ಕಬ್ಬಿಣ ತಿಂತದ. ಅರ್ಧ ನಿಮಿಷ ಸಾಕು, ನನ್ನ ಹದಿನೈದು ದಿನದ ಕೆಲಸ ಮಣ್ಣಾಗಾಕ. ಮೊದಲ ಎಣ್ಣಿ ಕುಡೀಲಿ, ತಡೀರಿ."

ನನ್ನನ್ನು ಸ್ಟೇರಿಂಗಿನ ಮುಂದೆ ಕೂಡಿಸಿ, ಎಣ್ಣೆಯ ಒತ್ತಡ ತೋರಿಸುವ ಪುಟ್ಟ ಗಡಿಯಾರದಂಥದ್ದರ ಮೇಲೆ ಕಣ್ಣಿಡಲು ಹೇಳಿದರು. ಅದರ ಮುಳ್ಳು ಸತ್ತು ಬಿದ್ದಿತ್ತು. ಅವರು ತಿರುಗಿಸಿದರು, ತಿರುಗಿಸಿದರು. ಎಷ್ಟೋ ಹೊತ್ತಿನ ಮೇಲೆ ಮುಳ್ಳು ನಡುಗಿ, ಕೂದಲೆಳೆಯಷ್ಟು ಮೇಲೆದ್ದಿತು.

"ಏರಿತು ಚಾಚಾ! ಪ್ಲಗ್ ಹಾಕ್ರಿ, ಚಾಲೂ ಮಾಡೋಣ" ಅಂತ ಕೂಗಿದೆ.

ಅವರು ಹ್ಯಾಂಡಲ್ ಬಿಟ್ಟು ಸೊಂಟ ಹಿಡಿದುಕೊಂಡು ಬಂದರು. "ಮುಳ್ಳು ಪಂಪಿನ ಮಾತಷ್ಟ ಹೇಳ್ತದವ್ವಾ. ಕಡೀದರ ಸುದ್ದಿ ಅದಕ್ಕ ಗೊತ್ತಿಲ್ಲ. ಇಲ್ಲಿ ಬಾ."

ತೆರೆದ ಇಂಜಿನ್ನಿನ ತಲೆಯ ಮೇಲೆ ಎಂಟು ಸಣ್ಣ ಉಕ್ಕಿನ ತೋಳುಗಳು ಸಾಲಾಗಿದ್ದವು. ಅವಕ್ಕೆ ರಾಕರ್ ಅನ್ನುತ್ತಾರಂತೆ. ಕೆಳಗಿನಿಂದ ಹೊರಟ ಎಣ್ಣೆ ಎಲ್ಲ ದಾಟಿಕೊಂಡು ಕೊನೆಗೆ ಬರುವುದು ಇಲ್ಲಿಗೆ. ಚಾಚಾ ತಮ್ಮ ಮಡಿ ಬೆರಳನ್ನು ಇನ್ನೊಮ್ಮೆ ಒರೆಸಿಕೊಂಡು ಒಂದೊಂದನ್ನೇ ಮುಟ್ಟಿದರು. "ಒಂದಕ್ಕ ಬಂತು. ಎರಡಕ್ಕ ಬಂತು." ಮುಟ್ಟಿದಾಗಲೆಲ್ಲ ಬೆರಳ ತುದಿಯಲ್ಲಿ ಜೇನಿನ ಬಣ್ಣದ ಎಣ್ಣೆ ಮಿನುಗುತ್ತಿತ್ತು. ಏಳರತನಕ ಬಂತು. ಎಂಟನೆಯದು, ಎಲ್ಲಕ್ಕಿಂತ ಕಡೆಯದು, ಒಣಗಿತ್ತು.

ಮತ್ತೆ ಹ್ಯಾಂಡಲ್ ಹಿಡಿದರು. ಅಪ್ಪ ಬೇವಿನ ಕೆಳಗೆ ಕಲ್ಲಿನ ಮೇಲೆ ಕೂತು ಕಣ್ಣು ಮುಚ್ಚಿ ಏನೋ ಪಠಿಸುತ್ತಿದ್ದರು. ರಾಹುಕಾಲ ಬಂದು ಹೋಯಿತು. ಚಾಚಾ ಅವರ ತುಟಿ ಬಿರಿದಿತ್ತು, ಗಡ್ಡದ ತುದಿಯಿಂದ ಬೆವರು ತೊಟ್ಟಿಕ್ಕುತ್ತಿತ್ತು. ನನಗೆ ತಡೆಯಲಾಗಲಿಲ್ಲ. "ಏಳಕ್ಕ ಬಂದದಲ್ಲ ಚಾಚಾ, ಎಂಟನೇದಕ್ಕ ಚಾಲೂ ಆದ ಮ್ಯಾಲೆ ತಾನ ಬರ್ತದ" ಅಂದೆ. 

"ಏಳು ಮಂದಿ ಉಂಡಾರ, ಎಂಟನೆಯಾವ ಆಮ್ಯಾಲೆ ಉಣ್ಣಲಿ ಅಂತೀಯೇನು? ನೀ ಟೀಚರ್ರು, ಕಡೀ ಸಾಲಿನಾಗ ಕುಂತ ಹುಡುಗಗ ಹಿಂಗ ಮಾಡ್ತೀಯೇನು?"

ಚಾಚಾ ಮತ್ತೆ ತಿರುಗಿಸತೊಡಗಿದರು. ಅವರು ಒಮ್ಮೆ ನಿಂತು ಉಸಿರು ತೆಗೆದುಕೊಂಡು, ಅಪ್ಪನ ಕಡೆ ನೋಡಿ ನಕ್ಕರು. "ಆಚಾರ್ರಿ, ನಿಮಗೂ ರೋಜಾ, ನನಗೂ ರೋಜಾ, ಈ ನಿಮ್ಮ ಮಗಳಿಗೂ ರೋಜಾ. ಇಂಜಿನ್ನಿಗೆ ಮಾತ್ರ ರೋಜಾ ಇಲ್ರಿ." ಅಪ್ಪ ಕಣ್ಣು ತೆಗೆದವರೇ ಗಹಗಹಿಸಿ ನಕ್ಕರು. ಏಕಾದಶಿಯ ದಿನ ಅಪ್ಪ ಹಾಗೆ ನಕ್ಕದ್ದು ಅದೇ ಮೊದಲು.

ಕೊನೆಗೂ ಎಂಟನೆಯ ತೋಳಿನ ಬುಡದಲ್ಲಿ ಒಂದು ಹನಿ ಉಕ್ಕಿತು. ಚಾಚಾ ಅದನ್ನು ಬೆರಳಿಗೆ ತೆಗೆದುಕೊಂಡು, ಬಿಸಿಲಿಗೆ ಎತ್ತಿ ಹಿಡಿದು, "ಕಡೀದಕ್ಕ ಬಂತು!" ಅಂದರು. ಮನೆಯಲ್ಲಿ ಹೆರಿಗೆಯಾದ ಸುದ್ದಿ ಹೇಳುವವರ ದನಿ ಅದು. ಪ್ಲಗ್ ಹಾಕಿ, ಮುಚ್ಚಳ ಮುಚ್ಚಿ, ಕೀಲಿ ನನ್ನ ಕೈಗೆ ಕೊಟ್ಟರು. ಒಂದೇ ಸಲಕ್ಕೆ ಇಂಜಿನ್ ಎದ್ದಿತು.

ಅವರ ಕೈಯಲ್ಲಿ ಕಟ್ಟಿದ ಇಂಜಿನ್ನುಗಳೆಲ್ಲ ಹೀಗೇ ಎದ್ದವು. ಒಮ್ಮೆ ದೇವದುರ್ಗದಿಂದ ಅವರ ಸಣ್ಣಂದಿನ ಗೆಳೆಯನೊಬ್ಬ ಜೀಪು ತಂದಿದ್ದ. ಇಂಜಿನ್ ಕಟ್ಟಿ ಆಗಿತ್ತು, ಮನೆಯಲ್ಲಿ ಮಗಳ ಮದುವೆ, ಅವಸರವೋ ಅವಸರ. ಚಾಚಾ ನಮಾಜಿಗೆ ಹೋಗಿ ಬರುವಷ್ಟರಲ್ಲಿ ಅವನ ಡ್ರೈವರ್ ಹ್ಯಾಂಡಲ್ ತಿರುಗಿಸಿ, ಮುಚ್ಚಳವನ್ನೂ ಹಾಕಿ ಬಿಗಿದುಬಿಟ್ಟಿದ್ದ. "ಎಂಟಕ್ಕೂ ಬಂದದ, ನಾನು ನೋಡೀನಿ" ಅಂದ. ಚಾಚಾ ಪಾನಾ ತಗೊಂಡು ಮುಚ್ಚಳ ಮತ್ತೆ ಬಿಚ್ಚತೊಡಗಿದರು. ಗೆಳೆಯನಿಗೆ ಅವಮಾನವಾದಂತಾಗಿ, "ನಮ್ಮ ಡ್ರೈವರ್ ನೋಡ್ಯಾನ ಅಂದ್ರ ನಂಬಿಕಿ ಇಲ್ಲೇನು ನಿನಗ?" ಅಂತ ಕೂಗಾಡಿದ. "ಅಂವ ನೋಡ್ಯಾನಪಾ. ನನ್ನ ಬೆರಳು ನೋಡಿಲ್ಲ" ಅಂದರು ಇವರು. ಅವನು ಜೀಪಿಗೆ ಹಗ್ಗ ಕಟ್ಟಿಸಿ ಎಳೆಸಿಕೊಂಡು ಹೋದ, ಮದುವೆಗೂ ಕರೆಯಲಿಲ್ಲ. ಆಮೇಲೆ ಆ ಜೀಪಿನ ಗತಿ ಏನಾಯಿತೋ ನನಗೆ ಗೊತ್ತಿಲ್ಲ. ಚಾಚಾ ಎರಡು ದಿನ ಸಪ್ಪಗಿದ್ದರು.

ನನ್ನ ಕಾರಿನ ಡಿಕ್ಕಿಯಲ್ಲಿ ಅವರೇ ಒಂದು ಐದು ಲೀಟರಿನ ನೀರಿನ ಕ್ಯಾನ್ ಇಟ್ಟಿದ್ದರು. "ಅರಕೇರಾ ದಾರಿಯಾಗ ಗಾಡಿಗಿ ನೀರಡಿಸಿದ್ರ ಗಾಡಿಗಿ, ನಿನಗ ನೀರಡಿಸಿದ್ರ ನಿನಗ." ತಿಂಗಳಿಗೊಮ್ಮೆ ಶೆಡ್ಡಿಗೆ ಹೋದಾಗ ಮೊದಲು ಡಿಕ್ಕಿ ತೆಗೆದು ಕ್ಯಾನ್ ಅಲ್ಲಾಡಿಸಿ ನೋಡುವರು. ಹಳೆಯ ನೀರು ಬೇವಿನ ಬುಡಕ್ಕೆ ಸುರಿದು ಹೊಸ ನೀರು ತುಂಬುವರು. ಏಳು ವರ್ಷ ನಾನು ಒಬ್ಬಳೇ ಆ ಕಾರಿನಲ್ಲಿ ಹೋಗಿಬಂದೆ. ಹೋದಲ್ಲಿ ಬಂದಲ್ಲಿ ಜನ ಏನಾದರೂ ಅಂದುಕೊಳ್ಳಲಿ, ನನಗೆ ಹೆದರಿಕೆ ಹೋಗಿತ್ತು. ಅದನ್ನು ಬಿಡಿಸಿದವರು ಈ ಮಿಸ್ತ್ರಿ.

ಅಪ್ಪ ತೀರಿಕೊಂಡ ದಿನ ಚಾಚಾ ಬಂದು ನಮ್ಮ ಕಂಪೌಂಡಿನ ಹೊರಗೆ ನಿಂತರು. ಒಳಗೆ ಮಡಿಯವರು, ಮಂತ್ರ, ಓಡಾಟ. ಬೆಳಗಿನಿಂದ ಮಧ್ಯಾಹ್ನದತನಕ ಬಿಸಿಲಲ್ಲಿ ನಿಂತೇ ಇದ್ದರು. ಎಲ್ಲ ಮುಗಿದ ಮೇಲೆ ನಾನು ಗೇಟಿನ ಬಳಿ ಹೋದೆ. ಎಲ್ಲರೂ ಎಷ್ಟು ವಯಸ್ಸಾಗಿತ್ತು, ಏನು ಜಡ್ಡು, ಯಾವ ಡಾಕ್ಟರು ಅಂತ ಕೇಳಿದ್ದರು. ಇವರು ಕೇಳಿದ್ದು ಬೇರೆ.

"ಆಚಾರ್ರಿಗೆ ಕಡೀಕ ನೀರು ಸಿಕ್ತೇನವ್ವಾ?"

"ಸಿಕ್ತು ಚಾಚಾ. ನಾನೇ ತುಳಸಿ ಹಾಕಿ ಬಾಯಾಗ ಗಂಗಿ ಬಿಟ್ಟೆ. ನುಂಗಿದರು."

"ಹಂಗಾರ ಪಾರಾದರು ಬಿಡು" ಅಂದು, ಹೆಗಲ ಮೇಲಿನ ವಸ್ತ್ರದಿಂದ ಮುಖ ಮುಚ್ಚಿಕೊಂಡು ಅತ್ತರು.

ಎರಡು ವರ್ಷದ ಹಿಂದೆ ಚಾಚಾ ಅವರ ಮೂತ್ರಪಿಂಡಗಳು ಕೆಟ್ಟವು. ವಾರಕ್ಕೆ ಎರಡು ಸಲ ರಾಯಚೂರಿನ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಬುಧವಾರ ಅವರ ತಮ್ಮ, ಬಳೆ ಅಂಗಡಿಯವರು, ಬಸ್ಸಿನಲ್ಲಿ ಕರೆದುಕೊಂಡು ಹೋಗುತ್ತಿದ್ದರು. ಶನಿವಾರ ನನಗೆ ಮುಂಜಾನೆ ಶಾಲೆ. ಅದು ಮುಗಿದ ಮೇಲೆ ನಾನು ಅದೇ ಕಾರಿನಲ್ಲಿ ಕರೆದೊಯ್ಯುವೆ ಅಂತ ಹಟ ಹಿಡಿದು ಒಪ್ಪಿಸಿದೆ. ಮುಂದಿನ ಸೀಟಿನಲ್ಲಿ ಕೂತು, ನಾನು ಸ್ಟಾರ್ಟ್ ಮಾಡಿದ ಕೂಡಲೇ ಬಾಗಿ ಮುಳ್ಳು ನೋಡುವರು. ಶೆಡ್ಡು ಮುಚ್ಚಿ ಆರು ತಿಂಗಳಾಗಿತ್ತು. ಕೈಯ ಕಪ್ಪೆಲ್ಲ ಹೋಗಿ ಹತ್ತೂ ಬೆರಳು ಒಂದೇ ಬಣ್ಣಕ್ಕೆ ಬಂದಿದ್ದವು. ಅವರ ಜಡ್ಡು ಎಷ್ಟು ದೊಡ್ಡದು ಅನ್ನುವುದು ನನಗೆ ಆ ಕೈ ನೋಡಿ ತಿಳಿಯಿತು.

ಆ ಜಡ್ಡಿನಲ್ಲಿ ನೀರಿಗೆ ಅಳತೆ. ಹೆಚ್ಚು ಕುಡಿದರೆ ನೀರು ಎದೆಗೆ ತುಂಬುತ್ತದೆ ಅಂತ ಡಾಕ್ಟರು ಹೆದರಿಸಿದ್ದರು. ಚಾಚಿ, ಅಂದರೆ ಅವರ ಹೆಂಡತಿ, ಇಡೀ ದಿನದ ನೀರನ್ನು ಒಂದು ಸಣ್ಣ ಬಾಟಲಿಗೆ ಹಾಕಿ ಕೊಡುವರು. ಪ್ರತಿ ಶನಿವಾರ ಕಾರಿನ ಕಿಟಕಿಗೆ ಬಾಗಿ ನನಗೆ ಹೇಳುವರು: "ಉನೋ ಮಾಂಗೆ ತೋ ಭೀ ನಕ್ಕೋ ದೇ ಬೇಟಿ." ಅವರು ಬೇಡಿದರೂ ಕೊಡಬೇಡ. ಈ ಕೆಲಸಕ್ಕೆ ಅವರಿಗೆ ನನಗಿಂತ ಗಟ್ಟಿಗಿತ್ತಿ ಇಡೀ ಮಾನ್ವಿಯಲ್ಲಿ ಸಿಗುತ್ತಿರಲಿಲ್ಲ. ಅಳತೆ ಅಂದರೆ ಅಳತೆ. ಅರ್ಧ ಅಂಕಕ್ಕೆ ಅತ್ತು ಬಂದ ಮಕ್ಕಳಿಗೂ ನಾನು ಕರಗಿದವಳಲ್ಲ. ನೀರು ಬೇಡ ಅನ್ನುವ ವಿದ್ಯೆಯಂತೂ ಹುಟ್ಟಿದ ಮನೆಯಲ್ಲೇ ಬಂದದ್ದು.

ಚಾಚಾ ಎಂದೂ ಹಟ ಮಾಡಿದವರಲ್ಲ. ಬಾಯಿ ಒಣಗಿದಾಗ ಬಾಟಲಿಯ ಮುಚ್ಚಳಕ್ಕೆ ನಾಲ್ಕು ಹನಿ ಹಾಕಿಕೊಂಡು, ಆ ಉಂಗುರಬೆರಳನ್ನು ಅದರಲ್ಲಿ ಅದ್ದಿ ತುಟಿಗೆ ಸವರಿಕೊಳ್ಳುವರು. "ನೋಡವ್ವಾ, ನನಗ ನಾನೇ ಎಣ್ಣಿ ಬಿಡಾಕತ್ತೀನಿ" ಅಂತ ನಗಾಡುವರು.

ಆ ಶನಿವಾರ ರಾಯಚೂರು ಬಿಟ್ಟಾಗ ಐದೂವರೆ. ಬಿಸಿಲು ಎದುರಿಗೇ ಹೊಡೆಯುತ್ತಿತ್ತು. ಚಾಚಾ ಎಂದಿನಂತೆ ಬಾಗಿ, "ಮುಳ್ಳು ಏರಿತೇನು?" ಅಂದರು. ಏರಿದೆ ಅಂದೆ. ಕಲ್ಲೂರು ದಾಟುವ ಹೊತ್ತಿಗೆ ಅವರ ಬಾಟಲಿ ಬರಿದಾಯಿತು. ಅದನ್ನು ಬೋರಲು ಹಾಕಿ, ಬಾಯಿಯ ಅಂಚನ್ನು ಬೆರಳಿನಿಂದ ಸವರಿದರು.

"ನಿನ್ನ ಬಾಟಲಿಯಾಗ ಅದೇನವ್ವಾ ಒಂದು ಗುಟುಕು?"

"ಇವತ್ತಿನ ಲೆಕ್ಕ ಮುಗೀತು ಚಾಚಾ. ಮನಿಗೆ ಹೋದ ಮ್ಯಾಲೆ ಚಾಚಿನ್ನ ಕೇಳ್ರಿ."

"ಕುಡಿಯಂಗಿಲ್ಲ. ಒಂದು ಬೆರಳು ಅದ್ದತೀನಿ."

"ನಿಮ್ಮ ಬೆರಳು ಎಷ್ಟು ಕುಡೀತದ ನನಗ ಗೊತ್ತದ" ಅಂತ ನಕ್ಕು, ನನ್ನ ಬಾಟಲಿಯನ್ನು ಅವರ ಕೈಗೆ ಎಟುಕದಂತೆ ಬಲಗಡೆ, ಸೀಟು ಮತ್ತು ಬಾಗಿಲಿನ ನಡುವೆ ಸಿಕ್ಕಿಸಿದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ನೀರಿತ್ತು.

ಅವರೂ ನಕ್ಕರು. "ಆಚಾರ್ರ ಮಗಳು!" ಅಂದರು. ಅದರಲ್ಲಿ ಸಿಟ್ಟಿರಲಿಲ್ಲ. ಹೆಮ್ಮೆಯೇ ಇತ್ತೇನೋ. ನಾನೂ ಹಿಗ್ಗಿದೆ. ಇದನ್ನು ಬರೆಯುವಾಗ ನನ್ನ ಮುಖಕ್ಕೆ ನಾನೇ ಉಗುಳಿಕೊಳ್ಳಬೇಕು ಅನಿಸುತ್ತದೆ.

ಸ್ವಲ್ಪ ದೂರ ಹೋದ ಮೇಲೆ ಅವರು ಕೈಯನ್ನು ಗಂಟಲ ಮೇಲಿಟ್ಟುಕೊಂಡರು. "ಕಡೀದಕ್ಕ ಬಂದಿಲ್ಲವ್ವಾ ಇನ್ನಾ" ಅಂದರು.

ತಮಾಷೆ ಅಂದುಕೊಂಡೆ. ರಸ್ತೆಯಿಂದ ಕಣ್ಣು ತೆಗೆಯದೆ, ಅವರದೇ ಧಾಟಿಯಲ್ಲಿ, "ಬರ್ತದ, ತಡೀರಿ" ಅಂದೆ.

ಅವರು ಕಿಟಕಿಗೆ ತಲೆ ಆನಿಸಿದರು. ಡಯಾಲಿಸಿಸ್ ಆದ ಮೇಲೆ ನಿದ್ದೆ ಹೋಗುವುದು ಅವರ ರೂಢಿ. ನಾನು ಮಾನ್ವಿಯತನಕ ನಮ್ಮ ಶಾಲೆಯ ಹೊಸ ಹೆಡ್‌ಮಾಸ್ತರರ ಕಥೆ ಹೇಳುತ್ತಲೇ ಬಂದೆ. ಮನೆಯ ಮುಂದೆ ಕಾರು ನಿಲ್ಲಿಸಿ, "ನಿಮ್ಮವರು ಮಲಗ್ಯಾರ ನೋಡ್ರಿ" ಅಂತ ಚಾಚಿಯನ್ನು ಕರೆದೆ. ಚಾಚಿ ಬಂದು ಬಾಗಿಲು ತೆಗೆದು ಅವರ ಕೆನ್ನೆ ಮುಟ್ಟಿದರು. ಮುಟ್ಟಿದ ಕೈ ಹಾಗೇ ನಿಂತಿತು.

ಒಂದು ಗುಟುಕು ಕೊಟ್ಟಿದ್ದರೆ ಉಳಿಯುತ್ತಿದ್ದರು ಅಂತಲ್ಲ. ಅವರ ಎದೆ ಮೊದಲೇ ಸೋತಿತ್ತು ಅಂತ ಡಾಕ್ಟರು ಹೇಳಿದರು. ಒಂದು ಗುಟುಕಿನಿಂದ ಕೆಡುವುದೂ ಏನೂ ಇರಲಿಲ್ಲ ಅಂತಲೂ ಅವರೇ ಹೇಳಿದರು. ಈ ಎರಡನೆಯ ಮಾತು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಚಾಚಿ ನನ್ನ ಕೈ ಹಿಡಿದುಕೊಂಡು, "ಹೇಳಿದಾಕಿ ನಾನು, ಕೇಳಿದಾಕಿ ನೀನು, ನಿಂದೇನು ತಪ್ಪದ?" ಅಂದರು. ಅವರು ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಅಪ್ಪನಿಗೆ ಕಡೆಗೆ ನೀರು ಸಿಕ್ಕಿತೇ ಅಂತ ಕೇಳಲು ಅರ್ಧ ದಿನ ಬಿಸಿಲಲ್ಲಿ ನಿಂತ ಮನುಷ್ಯ, ನನ್ನ ಪಕ್ಕದಲ್ಲಿ, ನನ್ನ ಕಾರಿನಲ್ಲಿ, ಒಂದು ಬೆರಳು ನೀರು ಕೇಳಿ ಒಣಗಿ ಹೋದರು. ಹಿಂದೆ ಡಿಕ್ಕಿಯಲ್ಲಿ ಅವರೇ ತುಂಬಿಸಿ ಇಡಲು ಕಲಿಸಿದ ಕ್ಯಾನ್ ಪೂರ್ತಿ ತುಂಬಿತ್ತು.

ಅವರು ತೀರಿದ ನಲವತ್ತನೆಯ ದಿನ ಚಾಚಿಯ ಮನೆಯವರೆಲ್ಲ ಗೋರಿಗೆ ಹೊರಟಾಗ ನಾನೂ ಹೋದೆ. ಹೆಂಗಸರು ಕಬರಸ್ತಾನದ ಗೋಡೆಯ ಹೊರಗೇ ನಿಲ್ಲಬೇಕು. ಗೋರಿಯ ಮೇಲೆ ತಲೆಯ ಕಡೆಯಿಂದ ಕಾಲಿನತನಕ ನೀರು ಹಾಕುವುದು ಅವರಲ್ಲಿ ಪದ್ಧತಿ. ನನ್ನ ಬಾಟಲಿ ಆ ಶನಿವಾರದಿಂದ ಸೀಟಿನ ಪಕ್ಕದಲ್ಲೇ ಇತ್ತು, ನಾನು ಅದನ್ನು ಮುಟ್ಟಿರಲಿಲ್ಲ. ಅದನ್ನು ತೆಗೆದು ಚಾಚಾ ಅವರ ತಮ್ಮನ ಕೈಗೆ ಕೊಟ್ಟೆ. "ಇದನ್ನೂ ಹಾಕ್ರಿ" ಅಂದೆ. ಅವರು ಅದನ್ನು ತೆಗೆದುಕೊಂಡು ಒಳಗೆ ಹೋದರು.

ಗೋಡೆಯ ಆಚೆ ಜಾಲಿಗಿಡಗಳು. ಏನೂ ಕಾಣುತ್ತಿರಲಿಲ್ಲ. ಸ್ವಲ್ಪ ಹೊತ್ತು ಕಾದು, ಕೂಗಿ ಕೇಳಿದೆ: "ಕಡೀಕ ಬಂತೇನ್ರಿ?"

"ಇಲ್ರಿ ಟೀಚರ್ರ. ಎದಿಮಟ ಬಂತು, ಆಮ್ಯಾಲೆ ಮಣ್ಣು ಕುಡದುಬಿಡ್ತು."

ನಾನು ಓಡಿದೆ. ಡಿಕ್ಕಿ ತೆಗೆದು ಕ್ಯಾನ್ ಎತ್ತಿಕೊಂಡು ಬಂದೆ. ಐದು ಲೀಟರು ಅಷ್ಟು ಭಾರವೆಂದು ನನಗೆ ಅದುವರೆಗೆ ಗೊತ್ತಿರಲಿಲ್ಲ. ತಮ್ಮ ಬಂದು ಕ್ಯಾನ್ ಇಸಿದುಕೊಂಡು ಮತ್ತೆ ಜಾಲಿಗಿಡಗಳ ಆಚೆ ಹೋದರು. ನೀರು ಗಳಗಳ ಸುರಿಯುವ ಸದ್ದು ಗೋಡೆಯ ಈಚೆಗೂ ಕೇಳಿಸಿತು. ಚಾಚಿ ನನ್ನ ಹೆಗಲಿಗೆ ಹಣೆ ಹಚ್ಚಿದ್ದರು. ಸದ್ದು ನಿಂತಿತು. ನಾನು ಮತ್ತೆ ಕೇಳಿದೆ.

"ಬಂತ್ರಿ" ಅಂತ ಆ ಕಡೆಯಿಂದ ದನಿ ಬಂತು. "ಕಡೀಕ ಬಂತು."

ಬಂತು ಅಂತ ಅವರು ಹೇಳಿದರು. ನನ್ನ ಬೆರಳು ನೋಡಿಲ್ಲ.